ಹಣೆಬರಹಕ್ಕೆ ಹೊಣೆ ಯಾರು?

1973ನೆಯ ಇಸವಿ ಜುಲೈ 29ನೆಯ ತಾರೀಖು ಹಾಲೆಂಡ್ ದೇಶದ ಕಡಲ ಕರೆಯಲ್ಲಿರುವ ಜಾಂಡ್‌ವೋರ್ಟ್ ಎಂಬ ಊರಿನಲ್ಲಿ ಒಂದು ದೊಡ್ಡ ಮೋಟಾರು ಪಂದ್ಯವು ನಡೆಯಿತು. ಅದರಲ್ಲಿ ಸ್ಪರ್ಧಿಸಿದ್ದ ರೋಜರ್ ವಿಲಿಯಮ್ಸನ್ ಎಂಬ ಇಂಗ್ಲಿಷ್ ತರುಣನಿಗೆ ಆಗ ವಯಸ್ಸು 25. ಜಗತ್ತಿನ ಅಗ್ರಪಂಕ್ತಿಯ ಚಾಲಕರೊಡನೆ ಅವನು ಓಡುತ್ತಿದ್ದುದು ಅದು ಎರಡನೆಯ ಸಲ. ಪಂದ್ಯದ ನಡುವೆ ಅವನ ಕಾರು ಇದ್ದಕ್ಕಿದ್ದಂತೆ ಹಾದಿ ತಪ್ಪಿ, ಅಂಚಿನ ಕಬ್ಬಿಣದ ತಡೆಗೆ ಬಡಿದು, ಮಗುಚಿಕೊಂಡು ಜಾರಿಹೋಗಿ ನಿಂತಿತು, ಉರಿ ಹತ್ತಿತು. ತಲೆಕೆಳಗಾದ ಕಾರಿನೊಳಗಿನಿಂದ ಹೊರಬರುವುದಕ್ಕೆ ಅವನಿಗೆ ದಾರಿಯಿರಲಿಲ್ಲ.

ಇದನ್ನು ಕಂಡ ಡೇವಿಡ್ ಪರ್ಲಿ ಎಂಬ ಇನ್ನೊಬ್ಬ ಸ್ಪರ್ಧಿಯು ತನ್ನ ಕಾರನ್ನು ನಿಲ್ಲಿಸಿ, ಪಂದ್ಯವು ನಡೆಯುತ್ತಿರುವಂತೆಯೇ ಹಾದಿಯನ್ನು ದಾಟಿ ಓಡಿಬಂದನು. ಕಾರನ್ನು ಎತ್ತಿ ಹೊರಳಿಸಲು ಒಬ್ಬನೇ ಹೆಣಗಿದನು, ಆಗಲಿಲ್ಲ. ಬೆಂಕಿ ಆರಿಸುವ ಉಪಕರಣವೊಂದನ್ನು ಹಿಡಿದು ಅದರಲ್ಲಿದ್ದುದನ್ನೆಲ್ಲ ಚೆಲ್ಲಿದನು, ಸಾಲಲಿಲ್ಲ. ಹಾದಿಯ ಕಾವಲಿಗೆಂದು ನಿಂತಿದ್ದ ಮಾರ್ಷಲ್‌ಗಳು ಹತ್ತಿರದಲ್ಲಿಯೇ ಇದ್ದರು. ಆದರೆ ಅವರ ಮೈಮೇಲೆ ಬೆಂಕಿಯನ್ನು ತಡೆಯುವ ಬಟ್ಟೆಯಿರಲಿಲ್ಲ. ಅವರು ಹಿಂಜರಿದು ನಿಂತರು. ಅಗ್ನಿಶಾಮಕ ವಾಹನವು ಬರುವುದಕ್ಕೆ ನಿಮಿಷಗಳೇ ಕಳೆದವು. ಅಷ್ಟು ಹೊತ್ತೂ ಪಂದ್ಯವು ನಿಲ್ಲಲಿಲ್ಲ. ಉಳಿದ ಚಾಲಕರಲ್ಲಿ ಹಲವರು, ಹಾದಿಯ ಪಕ್ಕದಲ್ಲಿ ಕೈಬೀಸುತ್ತಿದ್ದ ಪರ್ಲಿಯೇ ಉರಿಯುವ ಕಾರಿನವನೆಂದೂ, ಅವನು ಹೇಗೋ ಬದುಕಿ ಹೊರಬಂದಿರುವನೆಂದೂ ಭಾವಿಸಿ ಮುಂದೆ ಹೋದರು. ವಿಲಿಯಮ್ಸನ್ ಸತ್ತನು. ಪರ್ಲಿಗೆ ಆಮೇಲೆ ಬ್ರಿಟನ್ನಿನ ಜಾರ್ಜ್ ಪದಕವು ದೊರೆಯಿತು.

ಮೋಟಾರು ಪಂದ್ಯವು ನಮ್ಮ ಪತ್ರಿಕೆಯ ವಾಚಕರಿಗೆ ದೂರದ ವಿಷಯವಾಗಿ ಕಾಣಬಹುದು. ಆದರೆ ಈ ಪ್ರಸಂಗದಲ್ಲಿ ಅಡಗಿರುವ ಪ್ರಶ್ನೆಯು ಎಲ್ಲರ ಮನೆಯದು. ಒಬ್ಬನು ತಾನಾಗಿ ಒಪ್ಪಿಕೊಂಡು ಅಪಾಯದ ಕೆಲಸಕ್ಕೆ ಇಳಿದು ಅದರಲ್ಲಿ ಸತ್ತರೆ, ಆ ಸಾವಿಗೆ ಯಾರು ಹೊಣೆ? ಬಾವಿ ತೋಡುವವನು, ಕಂಬ ಹತ್ತುವವನು, ಗಣಿಗೆ ಇಳಿಯುವವನು, ಯಾರ ವಿಷಯದಲ್ಲಿಯೂ ಈ ಪ್ರಶ್ನೆ ಏಳಬಹುದು. ಪಂದ್ಯದಲ್ಲಿ ಅದು ಎದ್ದು ಕಾಣುವುದಕ್ಕೆ ಕಾರಣ, ಅಲ್ಲಿ ಸಾವು ಸಾವಿರಾರು ಜನರ ಕಣ್ಣೆದುರಿಗೆ ನಡೆಯುತ್ತದೆ. ಏನಾಯಿತೆಂಬುದು ದಾಖಲೆಯಲ್ಲಿ ಉಳಿಯುತ್ತದೆ. ಆಮೇಲೆ ಏನು ಮಾಡಿದರೆಂಬುದೂ ಉಳಿಯುತ್ತದೆ.

ಇಂಥ ಸಾವಿನ ಸುದ್ದಿ ಬಂದಾಗಲೆಲ್ಲ ಎರಡು ಮಾತು ಕೇಳಿಬರುವುದು ವಾಡಿಕೆ. ಒಂದು: ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಹೋದನು. ಇನ್ನೊಂದು: ಅವನ ಆಯುಸ್ಸು ಅಷ್ಟೇ ಇತ್ತು. ಮೊದಲನೆಯದು ಹೊಣೆಯನ್ನು ಸತ್ತವನ ಮೇಲೆ ಹಾಕುತ್ತದೆ. ಎರಡನೆಯದು ದೇವರ ಮೇಲೆ ಹಾಕುತ್ತದೆ. ಎರಡರಲ್ಲಿಯೂ ಒಂದು ಸೌಕರ್ಯವಿದೆ. ಸತ್ತವನು ಮಾತನಾಡುವುದಿಲ್ಲ, ದೇವರೂ ಮಾತನಾಡುವುದಿಲ್ಲ. ನಡುವೆ ನಿಂತಿರುವವರೆಲ್ಲರಿಗೆ ಬಿಡುಗಡೆ ಸಿಕ್ಕಿಬಿಡುತ್ತದೆ. ಹಣೆಬರಹಕ್ಕೆ ಹೊಣೆ ಯಾರು ಎಂಬ ನಮ್ಮ ಗಾದೆಯನ್ನು ನಾವು ಪ್ರಶ್ನೆಯಾಗಿ ಕೇಳುವುದೇ ಇಲ್ಲ, ಉತ್ತರವಾಗಿ ಬಳಸುತ್ತೇವೆ. ಈ ಸಲ ಅದನ್ನು ಪ್ರಶ್ನೆಯಾಗಿಯೇ ಕೇಳಿ ನೋಡೋಣ.

ಇದಕ್ಕೆ ನಮ್ಮಲ್ಲಿಯೇ ಒಂದು ಅಳತೆಗೋಲುಂಟು. ಯಾವ ಕರ್ಮವು ನೆರವೇರುವುದಕ್ಕೂ ಐದು ಕಾರಣಗಳಿವೆಯೆಂದು ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣಗಳು, ನಾನಾ ವಿಧವಾದ ಚೇಷ್ಟೆಗಳು, ಐದನೆಯದಾಗಿ ದೈವ. ಅಧಿಷ್ಠಾನವೆಂದರೆ ಶರೀರವೆಂದು ಭಾಷ್ಯಕಾರರು ಅರ್ಥಮಾಡಿದ್ದಾರೆ. ನಾನು ಆ ಪದವನ್ನು ಇಲ್ಲಿ ಕೆಲಸ ನಡೆಯುವ ನೆಲೆ ಎಂಬ ಸಾಮಾನ್ಯಾರ್ಥದಲ್ಲಿ ತೆಗೆದುಕೊಳ್ಳುತ್ತೇನೆ. ಚೇಷ್ಟೆಯೆಂದರೆ ಇಲ್ಲಿ ತುಂಟತನವಲ್ಲ, ಹಲವು ಕೈಗಳ ಪ್ರಯತ್ನ. ಗಮನಿಸಬೇಕಾದುದು ಎಣಿಕೆಯ ಕ್ರಮವನ್ನು. ದೈವವನ್ನು ಬಿಟ್ಟಿಲ್ಲ, ಆದರೆ ಐದನೆಯದಾಗಿ ಇಟ್ಟಿದೆ. ಮೊದಲಿನ ನಾಲ್ಕನ್ನು ವಿಚಾರಿಸದೆ ಐದನೆಯದರ ಹೆಸರೆತ್ತುವುದು ಲೆಕ್ಕ ತಪ್ಪಿದಂತೆ. ಮೋಟಾರು ಪಂದ್ಯದ ಚರಿತ್ರೆಯನ್ನು ಈ ಕ್ರಮದಲ್ಲಿ ನೋಡೋಣ. ಕರ್ತೃವಿನ ಮಾತನ್ನು ಮಾತ್ರ ನಾಲ್ಕರಲ್ಲಿ ಕಡೆಗೆ ಇಟ್ಟುಕೊಳ್ಳೋಣ.

ಮೊದಲು ಅಧಿಷ್ಠಾನ. ಆರಂಭದ ಪಂದ್ಯಗಳು ಊರಿಂದೂರಿಗೆ ಹೋಗುವ ಸಾಮಾನ್ಯ ರಸ್ತೆಗಳಲ್ಲಿಯೇ ನಡೆಯುತ್ತಿದ್ದವು. 1903ರಲ್ಲಿ ಪ್ಯಾರಿಸ್ಸಿನಿಂದ ಮ್ಯಾಡ್ರಿಡ್‌ಗೆ ಹೊರಟ ಪಂದ್ಯದಲ್ಲಿ ಧೂಳು ತುಂಬಿದ ರಸ್ತೆಯ ಎರಡು ಬದಿಯಲ್ಲಿಯೂ ಜನ ಕಿಕ್ಕಿರಿದಿದ್ದರು. ಸ್ಪರ್ಧಿಗಳೂ ನೋಡುವವರೂ ಹಲವರು ಸತ್ತರು. ಹೆಸರಾಂತ ರೆನೊ ಸಹೋದರರಲ್ಲಿ ಒಬ್ಬನಾದ ಮಾರ್ಸೆಲನೂ ಗಾಯಗೊಂಡು ಪ್ರಾಣಬಿಟ್ಟನು. ಪಂದ್ಯವನ್ನು ಬೋರ್ಡೋ ನಗರದಲ್ಲಿಯೇ ನಿಲ್ಲಿಸಬೇಕಾಯಿತು. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ಪಿಯೆರ್ ಲೆವೆಘ್ ಎಂಬವನ ಕಾರು ಮುಂದಿನ ಕಾರೊಂದಕ್ಕೆ ತಗುಲಿ, ಹಾರಿ, ಒಡೆದು ಜನಸಂದಣಿಯ ಮೇಲೆ ಬಿದ್ದಿತು. ಅವನೂ, 80ಕ್ಕಿಂತ ಹೆಚ್ಚು ಪ್ರೇಕ್ಷಕರೂ ಮಡಿದರು. ಆ ಹಾದಿಯು ಬಹುಮಟ್ಟಿಗೆ ನಿಧಾನವಾದ ಕಾರುಗಳ ಕಾಲದಲ್ಲಿ ಏರ್ಪಟ್ಟದ್ದು. ಕಾರುಗಳ ವೇಗವು ಬೆಳೆದಿತ್ತು, ಹಾದಿಯ ಅಗಲವು ಬೆಳೆದಿರಲಿಲ್ಲ. ಅದನ್ನು ಅಗಲಮಾಡಿದ್ದು ಆ ಸಾವುಗಳಾದ ಮೇಲೆ. 1968ರ ಏಪ್ರಿಲ್ 7ರಂದು, ಎರಡು ಸಲ ಜಗಜ್ಜೆಟ್ಟಿಯಾಗಿದ್ದ ಜಿಮ್ ಕ್ಲಾರ್ಕನು ಜರ್ಮನಿಯ ಹಾಕನ್‌ಹೈಮಿನಲ್ಲಿ ಹಾದಿ ತಪ್ಪಿ ಮರಕ್ಕೆ ಬಡಿದು ಸತ್ತನು. ಹಾದಿಗೂ ಮರಗಳಿಗೂ ನಡುವೆ ತಡೆಯೆಂಬುದಿರಲಿಲ್ಲ. ತಡೆಯನ್ನು ಕಟ್ಟಿದ್ದು ಅವನು ಸತ್ತ ಮೇಲೆ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಇದಕ್ಕಿಂತ ಮನಸ್ಸಿಗೆ ನಾಟುವ ನಿದರ್ಶನ ಇಟಲಿಯ ಇಮೋಲದ್ದು. ಅಲ್ಲಿನ ಟ್ಯಾಂಬುರೆಲ್ಲೊ ಎಂಬ ತಿರುವಿನಲ್ಲಿ ಹಾದಿಯ ಪಕ್ಕಕ್ಕೇ ಒಂದು ಗೋಡೆಯಿತ್ತು. 1989ರಲ್ಲಿ ಗೆರ್ಹಾರ್ಡ್ ಬರ್ಗರನು ಅದಕ್ಕೆ ಬಡಿದು, ಕಾರು ಹತ್ತಿ ಉರಿದು, ಬದುಕಿ ಉಳಿದನು. ಆಮೇಲೆ ಅವನೂ ಅವನ ಸ್ನೇಹಿತನಾದ ಐರ್ಟನ್ ಸೆನ್ನನೂ ಆ ಗೋಡೆಯನ್ನು ಹೋಗಿ ನೋಡಿದರಂತೆ. ಗೋಡೆಯ ಹಿಂದೆ ನದಿ ಹರಿಯುತ್ತಿದೆ, ಆದುದರಿಂದ ಗೋಡೆಯನ್ನು ಸರಿಸಲಾಗದು ಎಂದು ತೀರ್ಮಾನಿಸಿ ಹಿಂದಿರುಗಿದುದಾಗಿ ಬರ್ಗರನೇ ಹೇಳಿದ್ದಾನೆ. 1994ರ ಮೇ 1ರಂದು ಸೆನ್ನನು ಅದೇ ಗೋಡೆಗೆ ಬಡಿದು ಸತ್ತನು. ಮರುವರ್ಷದ ಪಂದ್ಯದ ಹೊತ್ತಿಗೆ ಅಲ್ಲಿ ಏನಾಗಿತ್ತು? ನದಿ ಇದ್ದಲ್ಲಿಯೇ ಇತ್ತು. ಬದಲಾದದ್ದು ಹಾದಿ, ತಿರುವನ್ನೇ ಒಡೆದು ವೇಗ ತಗ್ಗುವಂತೆ ತಿದ್ದಿದ್ದರು. ಗೋಡೆಯನ್ನು ಸರಿಸಲಾಗದೆಂಬುದು ನಿಜವೇ. ಆದರೆ ರಸ್ತೆಯನ್ನು ಸರಿಸಬಹುದೆಂಬುದು ಯಾರ ಮನಸ್ಸಿಗೂ ಹೊಳೆದಿರಲಿಲ್ಲ. ‘ಆಗದು’ ಎಂದು ನಾವು ಆಡುವ ಮಾತುಗಳಲ್ಲಿ ‘ಇನ್ನೂ ಯೋಚಿಸಿಲ್ಲ’ ಎಂಬ ಅರ್ಥದವು ಎಷ್ಟಿವೆಯೋ!

ಇನ್ನು ಕರಣಗಳು, ಎಂದರೆ ಕಾರೂ ಅದರ ಪರಿಕರಗಳೂ. ಜಗತ್ತಿನ ಚಾಲಕ ಪ್ರಶಸ್ತಿಯ ಪಂದ್ಯಗಳು 1950ರಲ್ಲಿ ಮೊದಲಾದಾಗ ಚಾಲಕರು ಸೀಟಿಗೆ ಬೆಲ್ಟು ಕಟ್ಟಿಕೊಳ್ಳುತ್ತಿರಲಿಲ್ಲ. ಇದನ್ನು ಕೇಳಿ ನಾವು ನಗಬಾರದು. ಆಗಿನ ಕಾರುಗಳ ಪೆಟ್ರೋಲು ತೊಟ್ಟಿಗಳು ಅಪಘಾತದಲ್ಲಿ ಸುಲಭವಾಗಿ ಒಡೆದು ಉರಿಯುತ್ತಿದ್ದುವು. ಕಟ್ಟಿಕೊಂಡು ಸುಟ್ಟುಹೋಗುವುದಕ್ಕಿಂತ ಹೊರಕ್ಕೆ ಎಸೆಯಲ್ಪಡುವುದು ಮೇಲೆಂದು ಅವರು ಎಣಿಸಿದ್ದರು. ಬೆಂಕಿಗೆ ಉಪಾಯವಿಲ್ಲದಿರುವಾಗ ಬೆಲ್ಟು ಉಪಾಯವಾಗಲಾರದು. ಆಸ್ಟ್ರಿಯದ ಯೋಖೆನ್ ರಿಂಟನು ಬೆಲ್ಟನ್ನು ಕಟ್ಟಿಕೊಳ್ಳುತ್ತಿದ್ದರೂ ತೊಡೆಗಳ ನಡುವಿನ ಪಟ್ಟಿಯನ್ನು ಬಿಗಿಯುತ್ತಿರಲಿಲ್ಲ. ಬೆಂಕಿ ಹತ್ತಿದರೆ ಬೇಗನೆ ಹೊರಬರಬೇಕೆಂಬುದು ಅವನ ಯೋಚನೆ. 1970ರ ಸೆಪ್ಟೆಂಬರ್ 5ರಂದು ಮೋಂಜದಲ್ಲಿ ಅವನ ಕಾರು ತಡೆಗೆ ಬಡಿದಾಗ ಬೆಂಕಿ ಏಳಲಿಲ್ಲ. ಪಟ್ಟಿಯಿಲ್ಲದ ಕಾರಣ ದೇಹವು ಮುಂದಕ್ಕೆ ಜಾರಿ, ಬೆಲ್ಟೇ ಅವನ ಕೊರಳಿಗೆ ಮೃತ್ಯುವಾಯಿತು. ಆ ವರ್ಷದ ಪ್ರಶಸ್ತಿಯು ಸತ್ತ ಮೇಲೆ ಅವನಿಗೆ ಸಂದಿತು. ಹಾಗೆ ಸಂದದ್ದು ಅವನೊಬ್ಬನಿಗೇ. ಒಂದು ಸಾವಿಗೆ ಹೆದರಿ ಇನ್ನೊಂದರ ಕೈಗೆ ಸಿಕ್ಕಿದ ಅವನನ್ನು ಅವಿವೇಕಿಯೆನ್ನುವುದು ತಪ್ಪು. ಎರಡು ಸಾವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಸ್ಥಿತಿಯಲ್ಲಿ ಅವನನ್ನು ಇರಿಸಿದ್ದೇ ತಪ್ಪು. ರಕ್ಷಣೆಯೆಂಬುದು ಬಿಡಿಬಿಡಿಯಾಗಿ ಬರಲಾರದು. ಒಂದರ ಬೆನ್ನಿಗೆ ಇನ್ನೊಂದು ನಿಲ್ಲಬೇಕು.

ಮುಂದೆ ಅವು ಹಾಗೆಯೇ ಒಂದರ ಬೆನ್ನಿಗೊಂದು ಬಂದುವು. ಒಡೆಯದ ರಬ್ಬರಿನ ಚೀಲಗಳಲ್ಲಿ ಪೆಟ್ರೋಲನ್ನು ತುಂಬಿದರು. ಬೆಂಕಿಗೆ ತಡೆಯುವ ಉಡುಪನ್ನು ಹೊಲಿದರು. 1981ರಲ್ಲಿ ಮೆಕ್ಲಾರೆನ್ ತಂಡವು ಇಂಗಾಲದ ನಾರಿನಿಂದ ಕಾರಿನ ಒಡಲನ್ನು ಕಟ್ಟಿತು. ಅಂಥ ಒಡಲು ಚೂರಾಗಿಬಿಡುವುದೆಂದು ಅನುಮಾನಿಸಿದವರು, ಅದೇ ವರ್ಷ ಮೋಂಜದಲ್ಲಿ ಜಾನ್ ವಾಟ್ಸನನು ಭಾರಿ ಅಪಘಾತದಿಂದ ಎದ್ದು ನಡೆದುಬಂದುದನ್ನು ಕಂಡು ಸುಮ್ಮನಾದರು. ಆದರೆ ಜ್ಞಾನವಿದ್ದ ಮಾತ್ರಕ್ಕೆ ಕಾರ್ಯವಾಗುವುದಿಲ್ಲ. ಡಿಕ್ಕಿಯಲ್ಲಿ ತಲೆಯು ಮುಂದಕ್ಕೆ ಚಿಮ್ಮಿ ಕತ್ತಿನ ಬುಡವು ಮುರಿಯದಂತೆ ಹೆಲ್ಮೆಟ್ಟನ್ನು ಹೆಗಲಿಗೆ ಕಟ್ಟಿಹಾಕುವ ‘ಹ್ಯಾನ್ಸ್’ ಎಂಬ ಸಾಧನವನ್ನು ಅಮೆರಿಕದ ರಾಬರ್ಟ್ ಹಬ್ಬರ್ಡ್ ಎಂಬ ಪ್ರಾಧ್ಯಾಪಕರು 1980ರ ದಶಕದಲ್ಲಿಯೇ ರೂಪಿಸಿದ್ದರು. ತೊಡಕೆಂದು ಬಹುಮಂದಿ ಅದನ್ನು ಒಲ್ಲೆನೆಂದರು. 2001ರ ಫೆಬ್ರವರಿ 18ರಂದು ಡೇಟೋನದಲ್ಲಿ ಪ್ರಸಿದ್ಧನಾದ ಡೇಲ್ ಅರ್ನ್‌ಹಾರ್ಟನು ತಲೆಬುರುಡೆಯ ಬುಡ ಮುರಿದು ಸತ್ತ ಬಳಿಕ, ಅದೇ ವರ್ಷ ಅಮೆರಿಕದ ಆ ಪಂದ್ಯಗಳಲ್ಲಿ ಇಂಥ ಸಾಧನ ಕಡ್ಡಾಯವಾಯಿತು. ಫಾರ್ಮುಲಾ ಒಂದರಲ್ಲಿ 2003ರಲ್ಲಿ. ಔಷಧಿ ಕಪಾಟಿನಲ್ಲಿತ್ತು, ರೋಗಿ ಹಾಸಿಗೆಯಲ್ಲಿದ್ದನು, ನಡುವೆ ಸುಮಾರು ಇಪ್ಪತ್ತು ವರ್ಷಗಳ ದೂರವಿತ್ತು. ಇದನ್ನು ಹಣೆಬರಹವೆನ್ನೋಣವೆ?

ಮೂರನೆಯದು ಚೇಷ್ಟೆ: ಸುತ್ತ ನಿಂತವರ ಪ್ರಯತ್ನ. ಸ್ಕಾಟ್‌ಲೆಂಡಿನ ಜ್ಯಾಕಿ ಸ್ಟೂವರ್ಟನು 1966ರಲ್ಲಿ ಬೆಲ್ಜಿಯಮ್ಮಿನ ಸ್ಪಾ ಎಂಬಲ್ಲಿ ಮಳೆಯಲ್ಲಿ ಹಾದಿ ತಪ್ಪಿ ಬಿದ್ದನು. ನುಜ್ಜಾದ ಕಾರಿನಲ್ಲಿ ಕಾಲು ಸಿಕ್ಕಿಕೊಂಡಿತ್ತು. ಮೈಮೇಲೆ ಪೆಟ್ರೋಲು ಸುರಿಯುತ್ತಿತ್ತು. ಅವನನ್ನು ಬಿಡಿಸಿದವರು ಅಪಘಾತಕ್ಕೀಡಾಗಿದ್ದ ಬೇರಿಬ್ಬರು ಸ್ಪರ್ಧಿಗಳು, ಗ್ರಹಾಮ್ ಹಿಲ್ ಮತ್ತು ಬಾಬ್ ಬಾಂಡುರಂಟ್. ಅದೂ ಪಂದ್ಯ ನೋಡಲು ಬಂದವನೊಬ್ಬನಿಂದ ಸ್ಪ್ಯಾನರನ್ನು ಕಡ ತಂದು. ಸುಮಾರು 25 ನಿಮಿಷ ಹಿಡಿಯಿತು. ಚಿಕಿತ್ಸೆಯ ಕೊಠಡಿಯೆಂಬಲ್ಲಿ ಅವನನ್ನು ಸಿಗರೇಟಿನ ತುಂಡುಗಳು ಚೆಲ್ಲಿದ ನೆಲದ ಮೇಲೆ ಇಟ್ಟಿದ್ದರು. ಆಸ್ಪತ್ರೆಗೆ ಹೊರಟ ಆಂಬ್ಯುಲೆನ್ಸ್ ದಾರಿ ತಪ್ಪಿತು. ಮುಂದಿನ ಪಂದ್ಯಗಳಿಗೆ ಸ್ಟೂವರ್ಟನು ಕಾರಿನೊಳಗೆ ಒಂದು ಸ್ಪ್ಯಾನರನ್ನು ಅಂಟಿಸಿಕೊಂಡೇ ಹೋಗುತ್ತಿದ್ದನು. ಅಂಚಿನ ತಡೆ, ಬೆಲ್ಟು, ವೈದ್ಯರು, ಬೆಂಕಿ ಆರಿಸುವವರು ಬೇಕೆಂದು ಊರೂರಿನಲ್ಲಿ ವಾದಿಸಿದನು. ಇವನು ಹೇಡಿ, ಆಟದ ಸೊಗಸನ್ನೇ ಕೆಡಿಸುತ್ತಿದ್ದಾನೆ ಎಂದವರುಂಟು. ಈ ಹೇಡಿಯೇ ಮೂರು ಸಲ ಜಗಜ್ಜೆಟ್ಟಿಯಾದನು.

ವಿಲಿಯಮ್ಸನ್ ಸತ್ತ ಜಾಂಡ್‌ವೋರ್ಟ್ ಪಂದ್ಯದಲ್ಲಿ ಗೆದ್ದವನೂ ಅವನೇ. ಅದು ಅವನ 26ನೆಯ ಗೆಲುವು; ಕ್ಲಾರ್ಕನ 25ನ್ನು ಮೀರಿಸಿದ ದಾಖಲೆ. ರಕ್ಷಣೆಗಾಗಿ ಯಾರಿಗಿಂತಲೂ ಹೆಚ್ಚು ಹೋರಾಡಿದವನ ದೊಡ್ಡ ಗೆಲುವು, ರಕ್ಷಣೆಯಿಲ್ಲದೆ ಒಬ್ಬನು ಸತ್ತ ದಿನವೇ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವನ ತಂಡದ ಕಿರಿಯ ಜತೆಗಾರನಾದ ಫ್ರಾನ್ಸ್ವಾ ಸೆವೆರ್ ಅಮೆರಿಕದ ವಾಟ್ಕಿನ್ಸ್ ಗ್ಲೆನ್ನಿನಲ್ಲಿ ಸತ್ತನು. ಸ್ಟೂವರ್ಟನಿಗೆ ಅದು ನೂರನೆಯ ಪಂದ್ಯವಾಗಬೇಕಾಗಿತ್ತು. ಅವನು ಓಡದೆ ಹಿಂದಿರುಗಿದನು, ಮತ್ತೆಂದೂ ಓಡಲಿಲ್ಲ.

1978ರಲ್ಲಿ ಮೋಂಜದಲ್ಲಿ ಪಂದ್ಯವು ಪ್ರಾರಂಭವಾದ ಕ್ಷಣದಲ್ಲಿಯೇ ಕಾರುಗಳು ಒಂದಕ್ಕೊಂದು ಬಡಿದು ಸ್ವೀಡನ್ನಿನ ರೋನಿ ಪೀಟರ್ಸನನ ಕಾಲುಗಳು ಮುರಿದುವು. ಉರಿಯುವ ಕಾರಿನಿಂದ ಅವನನ್ನು ಎಳೆದು ತಂದವರು ಈ ಸಲವೂ ಸಹಸ್ಪರ್ಧಿಗಳೇ. ಆ ವರ್ಷವೇ ಪಂದ್ಯಗಳ ವೈದ್ಯರಾಗಿ ನೇಮಕವಾಗಿದ್ದ ಸಿಡ್ ವಾಟ್ಕಿನ್ಸ್ ಅವರು ಸ್ಥಳಕ್ಕೆ ಧಾವಿಸಿದರು. ಪೋಲೀಸಿನವರು ಅವರನ್ನೇ ತಡೆದರು. ಪೀಟರ್ಸನನು ಮರುದಿನ ತೀರಿಕೊಂಡನು. ಅಲ್ಲಿಂದ ಮುಂದೆ ವೈದ್ಯರಿರುವ ಕಾರೊಂದು ಪ್ರತಿ ಪಂದ್ಯದ ಮೊದಲನೆಯ ಸುತ್ತಿನಲ್ಲಿ ಸ್ಪರ್ಧಿಗಳ ಬೆನ್ನಹಿಂದೆಯೇ ಓಡುವ ಏರ್ಪಾಡಾಯಿತು. ವಾಚಕರು ಇದನ್ನು ಜ್ಞಾಪಕದಲ್ಲಿಡಬೇಕು. ಈ ಕಾರು ಮತ್ತೊಮ್ಮೆ ಬರುತ್ತದೆ.

ಈಗ ಕರ್ತೃವಿನ ಮಾತು. ಅವನು ಒಪ್ಪಿ ಹೋದನಲ್ಲವೆ? ಹೌದು, ಒಪ್ಪಿದನು. ಆದರೆ ಏನನ್ನು ಒಪ್ಪಿದನು? ಗಂಟೆಗೆ ಇನ್ನೂರು ಮುನ್ನೂರು ಕಿಲೋಮೀಟರ್ ವೇಗದಲ್ಲಿ ತನ್ನ ಕೈ ತಪ್ಪಬಹುದೆಂಬುದನ್ನು ಒಪ್ಪಿದನು. ಕೈ ತಪ್ಪಿದಾಗ ಬೆಂಕಿ ಆರಿಸುವವನಿಗೆ ಉಡುಪಿಲ್ಲವೆಂಬುದನ್ನು ಒಪ್ಪಿದನೆ? ಆಂಬ್ಯುಲೆನ್ಸಿಗೆ ದಾರಿ ಗೊತ್ತಿಲ್ಲವೆಂಬುದನ್ನು ಒಪ್ಪಿದನೆ? ದೋಣಿ ಹತ್ತಿದವನು ಬಿರುಗಾಳಿಗೆ ಒಪ್ಪಿರಬಹುದು. ದೋಣಿಯ ತಳದಲ್ಲಿರುವ ತೂತಿಗೆ ಒಪ್ಪಿದ್ದಾನೆಂದು ಅಂಬಿಗನು ವಾದಿಸುವಂತಿಲ್ಲ. ಒಬ್ಬನ ಸಮ್ಮತಿಯು ಸಲ್ಲುವುದು, ಉಳಿದವರೆಲ್ಲರೂ ತಮ್ಮ ತಮ್ಮ ಕರ್ತವ್ಯವನ್ನು ಮುಗಿಸಿದ ಮೇಲೆ ಉಳಿಯುವ ಅಪಾಯಕ್ಕೆ ಮಾತ್ರ. ಅದಕ್ಕಿಂತ ಮೊದಲು ಅದನ್ನು ಮುಂದೊಡ್ಡುವುದು ಒಂದು ಬಗೆಯ ವಂಚನೆ.

ಮೇಲಾಗಿ, ಒಪ್ಪಿದವರು ಯಾರು ಯಾರು ಎಂದು ಎಣಿಸಬೇಕು. 1957ರಲ್ಲಿ ಇಟಲಿಯ ಮಿಲ್ಲೆ ಮಿಲ್ಯ ಎಂಬ ರಸ್ತೆ ಪಂದ್ಯದಲ್ಲಿ ಅಲ್ಫೋನ್ಸೊ ದೆ ಪೋರ್ತಾಗೊ ಎಂಬವನ ಕಾರು ಉರುಳಿ, ಅವನೂ ಅವನ ಜತೆಗಾರನೂ ಅಲ್ಲದೆ ನೋಡುತ್ತ ನಿಂತಿದ್ದ ಒಂಬತ್ತು ಮಂದಿ ಸತ್ತರು. ಆ ಒಂಬತ್ತರಲ್ಲಿ ಐದು ಮಕ್ಕಳು. ಸೆನ್ನನ ಸಾವಿನ ಬಳಿಕ ಇಪ್ಪತ್ತು ವರ್ಷ ಫಾರ್ಮುಲಾ ಒಂದರ ಪಂದ್ಯಗಳಲ್ಲಿ ಚಾಲಕರಾರಿಗೂ ಪ್ರಾಣಾಂತಿಕವಾದ ಅಪಘಾತವಾಗಲಿಲ್ಲವೆಂದು ಜಗತ್ತು ಹೆಮ್ಮೆಪಟ್ಟಿತು. ಅದೇ ಅವಧಿಯಲ್ಲಿ 2000ದಲ್ಲಿ ಮೋಂಜದಲ್ಲಿ, 2001ರಲ್ಲಿ ಮೆಲ್ಬರ್ನಿನಲ್ಲಿ, 2013ರಲ್ಲಿ ಮಾಂಟ್ರಿಯಲ್‌ನಲ್ಲಿ ಒಬ್ಬೊಬ್ಬ ಮಾರ್ಷಲ್ ಸತ್ತನು. ಅವರಿಗೆ ಬಹುಮಾನವೂ ಇಲ್ಲ, ಜಯಘೋಷವೂ ಇಲ್ಲ. ಚಾಲಕನ ಸಮ್ಮತಿಯ ಸೆರಗಿನಲ್ಲಿ ಇವರೆಲ್ಲರನ್ನೂ ಸುತ್ತಿಬಿಡುವುದು ನ್ಯಾಯವಲ್ಲ.

ಕರ್ತೃವಿನ ಮೇಲೆ ಹೊಣೆಯೇ ಇಲ್ಲವೆಂದಲ್ಲ. ಅವನಿಗೂ ಒಂದು ಹೊಣೆಯುಂಟು. ಅದು ಬೇಡವೆನ್ನುವ ಧೈರ್ಯ. 1976ರ ಆಗಸ್ಟ್ 1ರಂದು ಜರ್ಮನಿಯ ನ್ಯೂರ್ಬರ್ಗ್‌ರಿಂಗಿನಲ್ಲಿ ನಿಕಿ ಲಾಡನು ಸುಟ್ಟು ಸಾವಿನ ಬಾಗಿಲಿಗೆ ಹೋಗಿಬಂದನು. ಆರು ವಾರಗಳಲ್ಲಿ ಗಾಯಗಳು ಮಾಯುವ ಮೊದಲೇ ಮತ್ತೆ ಓಡಿ ನಾಲ್ಕನೆಯವನಾದನು. ಎಲ್ಲರೂ ಅದನ್ನು ಶೌರ್ಯವೆಂದರು. ಆ ವರ್ಷದ ಕಡೆಯ ಪಂದ್ಯ ಜಪಾನಿನ ಫ್ಯೂಜಿಯಲ್ಲಿ. ಜಡಿಮಳೆ ಸುರಿದಿತ್ತು, ಮುಂದಿನ ಕಾರು ಕಾಣುತ್ತಿರಲಿಲ್ಲ. ಎರಡು ಸುತ್ತು ಓಡಿ ಲಾಡನು ಕಾರನ್ನು ನಿಲ್ಲಿಸಿ ಇಳಿದನು. ಯಂತ್ರ ಕೆಟ್ಟಿತೆಂದು ಹೇಳಿಬಿಡೋಣವೆಂದು ತಂಡದವರು ಸೂಚಿಸಿದರು. ಅವನು ಒಪ್ಪದೆ ನಿಜವನ್ನೇ ಹೇಳಿದನು. ಒಂದೇ ಒಂದು ಅಂಕದಿಂದ ಪ್ರಶಸ್ತಿಯು ಜೇಮ್ಸ್ ಹಂಟನ ಪಾಲಾಯಿತು. ಆರು ವಾರದಲ್ಲಿ ಹಿಂದಿರುಗಿದುದಕ್ಕಿಂತ ಇದು ಹಿರಿಯ ಶೌರ್ಯವೆಂದು ನನಗೆ ತೋರುತ್ತದೆ. ಎಲ್ಲರೂ ಹೀಗೆ ಮಾಡಲಾರರು. ಇಮೋಲದಲ್ಲಿ 1994ರ ಏಪ್ರಿಲ್ 30ರಂದು ರೋಲಂಡ್ ರಾಟ್ಸೆನ್‌ಬರ್ಗರನು ಸತ್ತಾಗ, ದುಃಖದಲ್ಲಿದ್ದ ಸೆನ್ನನನ್ನು ಕಂಡು ವಾಟ್ಕಿನ್ಸ್ ಅವರು ಪಂದ್ಯವನ್ನು ಬಿಟ್ಟು ಮೀನು ಹಿಡಿಯಲು ಹೋಗೋಣ ಬಾ ಎಂದರಂತೆ. ಬಿಡಲಾರೆನೆಂದು ಅವನು ಉತ್ತರಕೊಟ್ಟನು. ಅದು ಶನಿವಾರ. ಭಾನುವಾರ ಅವನೂ ಇರಲಿಲ್ಲ. ಬಿಡಲಾರದವನನ್ನು ನಾವು ಹಳಿಯಬೇಕಾಗಿಲ್ಲ. ಆದರೆ ಬಿಡಲಾರದವನ ಸಮ್ಮತಿಯನ್ನು ಪೂರ್ಣವಾದ ಸಮ್ಮತಿಯೆಂದು ಎಣಿಸಬೇಕಾಗಿಯೂ ಇಲ್ಲ.

ಇಲ್ಲೊಂದು ಪೂರ್ವಪಕ್ಷವುಂಟು. ಅಪಾಯವೆಲ್ಲವನ್ನೂ ತೆಗೆದರೆ ಶೌರ್ಯಕ್ಕೆ ಎಡೆಯೆಲ್ಲಿ? ಈ ಮಾತನ್ನು ಹಗುರವಾಗಿ ತಳ್ಳಿಬಿಡಬಾರದು. ಅಪಾಯದ ನೆರೆಯಲ್ಲಿ ಮನುಷ್ಯನ ಏಕಾಗ್ರತೆಯೂ ಕೌಶಲವೂ ಬೆಳಗುತ್ತವೆಂಬುದು ನಿಜ. ಆದರೆ ಶೌರ್ಯವು ಬೇಡುವುದು ಅಪಾಯವನ್ನೇ ಹೊರತು ಅಜಾಗರೂಕತೆಯನ್ನಲ್ಲ. ಕ್ಲಾರ್ಕನ ಕೌಶಲಕ್ಕೆ ಹಾದಿಯ ಪಕ್ಕದ ಮರಗಳಿಂದ ಏನು ಹೆಚ್ಚಿತು? 2018ರಲ್ಲಿ ಚಾಲಕನ ತಲೆಯ ಸುತ್ತ ‘ಹೇಲೋ’ ಎಂಬ ಲೋಹದ ಬಳೆಯನ್ನು ಕಡ್ಡಾಯಮಾಡಿದಾಗಲೂ ಇದೇ ಆಕ್ಷೇಪಣೆ ಎದ್ದಿತು. ಕಾರು ಕುರೂಪವಾಯಿತೆಂದರು, ಆಟದ ತಿರುಳು ಹೋಯಿತೆಂದರು. ಹಾಗೆ ಆಕ್ಷೇಪಿಸಿದವರಲ್ಲಿ ಫ್ರಾನ್ಸಿನ ರೋಮೆ ಗ್ರೋಜಾನ್ ಒಬ್ಬನು.

2020ರ ನವೆಂಬರ್ 29ರಂದು ಬಹ್ರೇನಿನಲ್ಲಿ ಪಂದ್ಯದ ಮೊದಲನೆಯ ಸುತ್ತಿನಲ್ಲಿಯೇ ಗ್ರೋಜಾನನ ಕಾರು ಕಬ್ಬಿಣದ ತಡೆಯನ್ನು ಸೀಳಿಕೊಂಡು ನುಗ್ಗಿತು. ಎರಡು ಹೋಳಾಗಿ ಉರಿಯಿತು. ತಲೆಗೆ ಬಡಿಯಬೇಕಾಗಿದ್ದ ಕಬ್ಬಿಣವನ್ನು ಅವನು ಬೇಡವೆಂದಿದ್ದ ಬಳೆಯು ತಡೆಯಿತು. ಇಂಗಾಲದ ಒಡಲು ಒಡೆಯಲಿಲ್ಲ. ಹ್ಯಾನ್ಸ್ ಸಾಧನವು ಕತ್ತನ್ನು ಕಾಯಿತು. ಉಡುಪು ಬೆಂಕಿಯನ್ನು ತಡೆದುಕೊಂಡಿತು. ಪೀಟರ್ಸನನ ಸಾವಿನಿಂದ ಹುಟ್ಟಿದ ಆ ವೈದ್ಯರ ಕಾರು ಹಿಂದೆಯೇ ಬರುತ್ತಿದ್ದು, ಕೆಲವೇ ಕ್ಷಣಗಳಲ್ಲಿ ಅಲ್ಲಿ ನಿಂತಿತು. ಮೂವತ್ತು ಸೆಕೆಂಡು ತುಂಬುವ ಮೊದಲೇ ಗ್ರೋಜಾನನು ಉರಿಯೊಳಗಿನಿಂದ ಎದ್ದುಬಂದನು. ಕೈಗಳು ಸುಟ್ಟಿದ್ದುವು, ಪ್ರಾಣವಿತ್ತು. ತಾನು ಹಿಂದೆ ಆಡಿದ್ದ ಮಾತನ್ನು ಅವನು ಆಸ್ಪತ್ರೆಯಿಂದಲೇ ಹಿಂದಕ್ಕೆ ತೆಗೆದುಕೊಂಡನು. ಜಾಂಡ್‌ವೋರ್ಟಿನ ಉರಿಗೂ ಬಹ್ರೇನಿನ ಉರಿಗೂ ನಡುವೆ 47 ವರ್ಷ. ಹಣೆಬರಹ ಬರೆಯುವ ಬ್ರಹ್ಮನು ಅಷ್ಟರಲ್ಲಿ ಬದಲಾದನೆ? ಬದಲಾದದ್ದು ಮೊದಲಿನ ನಾಲ್ಕು ಕಾರಣಗಳು.

ಹಾಗಾದರೆ ದೈವವೆಂಬುದಿಲ್ಲವೆ? ಇದೆ. 2014ರಲ್ಲಿ ಜಪಾನಿನ ಸುಜುಕದಲ್ಲಿ ಜೂಲ್ ಬಿಯಾಂಕಿಯು ಮಳೆಯಲ್ಲಿ ಜಾರಿ, ಬೇರೊಂದು ಕಾರನ್ನು ಎತ್ತಲು ಬಂದಿದ್ದ ಯಂತ್ರಕ್ಕೇ ಬಡಿದು, ಮರುವರ್ಷ ತೀರಿಕೊಂಡನು. 2019ರಲ್ಲಿ ಸ್ಪಾದಲ್ಲಿ ಆಂತ್ವಾನ್ ಯೂಬೇರ್ ಎಂಬ ತರುಣನು, ಕಾರಿಗೆ ಹೇಲೋ ಇದ್ದರೂ, ಪಕ್ಕದಿಂದ ಬಂದ ಡಿಕ್ಕಿಯಲ್ಲಿ ಸತ್ತನು. ಇಂಥ ವೇಗದಲ್ಲಿ ಸಾವನ್ನು ಪೂರ್ತಿಯಾಗಿ ಕಟ್ಟಿಹಾಕಲಾಗದು. ಆದಕಾರಣ ಆಟವನ್ನೇ ನಿಲ್ಲಿಸಬೇಕೆಂದು ಹೇಳುವವರ ಮಾತೂ ಅಲಕ್ಷ್ಯಕ್ಕೆ ತಕ್ಕುದಲ್ಲ. ಲೆ ಮಾನ್ಸ್ ದುರಂತವಾದ ಮೇಲೆ ಸ್ವಿಟ್ಸರ್ಲೆಂಡ್ ದೇಶವು ಇಂಥ ಪಂದ್ಯಗಳನ್ನು ನಿಷೇಧಿಸಿ ದಶಕಗಳ ಕಾಲ ಅದನ್ನು ಪಾಲಿಸಿತು. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ ಯಾವುದು ದೈವವೆಂಬುದು ಮೊದಲೇ ಗೊತ್ತಿರುವ ಸಂಗತಿಯಲ್ಲವೆಂದು ಹೇಳುತ್ತೇನೆ. ಕೈಲಾದುದನ್ನೆಲ್ಲ ಮಾಡಿ ಮುಗಿಸಿದ ಮೇಲೆ ಉಳಿದ ಶೇಷಕ್ಕೆ ದೈವವೆಂದು ಹೆಸರು. 1966ರಲ್ಲಿ ದೈವವೆನಿಸಿದ್ದು 1986ರಲ್ಲಿ ಅಲಕ್ಷ್ಯವೆನಿಸಿತು. ಇಂದು ನಾವು ದೈವವೆನ್ನುವುದರಲ್ಲಿ ಎಷ್ಟು ಪಾಲು ನಾಳೆ ನಮ್ಮ ಮೇಲಣ ದೂರಾಗುವುದೋ ಯಾರು ಬಲ್ಲರು?

ಕಡೆಯದಾಗಿ ಒಂದು ಮಾತು. ಇದು ದೂರದ ದೇಶದ್ದಲ್ಲ. 2023ರ ಆಗಸ್ಟ್ 5ರಂದು ಚೆನ್ನೈ ಸಮೀಪದ ಪಂದ್ಯದ ಹಾದಿಯಲ್ಲಿ ರಾಷ್ಟ್ರೀಯ ಮೋಟಾರು ಸೈಕಲ್ ಪಂದ್ಯವು ನಡೆಯುತ್ತಿದ್ದಾಗ ಬೆಂಗಳೂರಿನ ಒಬ್ಬ ಬಾಲಕನು ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡನು. ಅವನಿಗೆ 13 ವರ್ಷ. ಜಾಂಡ್‌ವೋರ್ಟಿನಲ್ಲಿ ಆದಂತೆ ಆಗಲಿಲ್ಲ; ಪಂದ್ಯವನ್ನು ನಿಲ್ಲಿಸಿದರು, ಉಳಿದ ಪಂದ್ಯಗಳನ್ನೂ ಕೈಬಿಟ್ಟರು. ಅಲ್ಲಿ ಯಾರ ತಪ್ಪೂ ಇತ್ತೆಂದು ನಾನು ಹೇಳುತ್ತಿಲ್ಲ. ಆದರೆ ‘ಗೊತ್ತಿದ್ದೇ ಹೋದನು’ ಎಂಬ ಮಾತನ್ನು ಆ ಮಗುವಿನ ವಿಷಯದಲ್ಲಿ ಆಡುವುದಕ್ಕೆ ಯಾರ ನಾಲಗೆ ಏಳುತ್ತದೆ? ಅಂಥ ವಯಸ್ಸಿನಲ್ಲಿ ಉತ್ಸಾಹವಿರುತ್ತದೆ, ಕೌಶಲವೂ ಇರಬಹುದು. ಸಾವಿನ ಅರ್ಥ ತಿಳಿದು ಕೊಡುವ ಸಮ್ಮತಿ ಇರಲಾರದು. ಅದನ್ನು ಅವನ ಪರವಾಗಿ ಹಿರಿಯರೇ ಕೊಡುತ್ತಾರೆ. ಕೊಟ್ಟ ಮೇಲೆ ಅದರ ಭಾರವೂ ಹಿರಿಯರದೇ.

ಅಭಿಮನ್ಯುವು ಚಕ್ರವ್ಯೂಹವನ್ನು ಒಪ್ಪಿಯೇ ಹೊಕ್ಕನು. ಒಳಹೋಗುವುದು ಮಾತ್ರ ತನಗೆ ಗೊತ್ತು, ಹೊರಬರುವುದು ಗೊತ್ತಿಲ್ಲವೆಂದು ಹೇಳಿಯೂ ಹೊಕ್ಕನು. ನಾವು ನಿನ್ನ ಬೆನ್ನಿಗೇ ಬರುತ್ತೇವೆಂದು ದೊಡ್ಡವರು ಮಾತು ಕೊಟ್ಟಿದ್ದರು, ಬರಲಾಗಲಿಲ್ಲ. ಸಂಜೆ ಧರ್ಮರಾಯನು ಅಳುತ್ತ ಕುಳಿತಾಗ ಹುಡುಗನು ತಾನೇ ಒಪ್ಪಿದನೆಂದು ಸಮಾಧಾನ ತಂದುಕೊಳ್ಳಲಿಲ್ಲ. ಕಳುಹಿಸಿದವನು ನಾನೆಂದು ಮರುಗಿದನು. ಅವನು ಧರ್ಮರಾಯನೆನಿಸಿಕೊಂಡದ್ದು ಸುಮ್ಮನೆ ಅಲ್ಲ.

ಹಣೆಬರಹಕ್ಕೆ ಹೊಣೆ ಯಾರು? ಒಳಗೆ ಹೋಗುವವನಿಗೆ ಹೊರಬರುವ ದಾರಿಯನ್ನು ಇಟ್ಟುಕೊಂಡಿರಬೇಕಾದವರೆಲ್ಲರೂ ಹೊಣೆ: ಹಾದಿ ಕಟ್ಟಿದವನು, ಕಾರು ಮಾಡಿದವನು, ಪಂದ್ಯ ನಡೆಸಿದವನು, ಹಣ ಕೊಟ್ಟು ನೋಡಿದವನು. ಇವರೆಲ್ಲರೂ ತಮ್ಮ ಪಾಲನ್ನು ತೀರಿಸಿದ ಮೇಲೆ ಉಳಿದುದನ್ನು ಹಣೆಗೆ ಬರೆಯಲಿ.